ಭಾನುವಾರದ ಪುರವಣಿಗೆ ಒಬ್ಬ ಕಳ್ಳ ಬೇಕು

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯಲ್ಲಿ ಕೆಲವು ವಾರಗಳಿಂದ ಓದುವ ಹವ್ಯಾಸ ಸಾಯುತ್ತಿದೆ ಅಂತ ಚರ್ಚೆ ನಡೆಯುತ್ತಿದೆ. ಒಬ್ಬರು ಮೊಬೈಲ್ ಕಾರಣ ಅಂದರು. ಇನ್ನೊಬ್ಬರು ಇಂಗ್ಲಿಷ್ ಮಾಧ್ಯಮ ಅಂದರು. ಮತ್ತೊಬ್ಬರು ಈಗಿನ ಹುಡುಗರಿಗೆ ಗಾಂಭೀರ್ಯವೇ ಇಲ್ಲ ಅಂತ ಬೈದು ಹೋದರು. ಪರಿಹಾರ ಮಾತ್ರ ಎಲ್ಲರದ್ದೂ ಒಂದೇ, ಒಳ್ಳೆಯ ಸಾಹಿತ್ಯ ಓದಿ. ಜತೆಗೆ ಓದಲೇಬೇಕಾದ ಪುಸ್ತಕಗಳ ಪಟ್ಟಿ. ಆ ಪಟ್ಟಿ ನೋಡಿ ನನಗೆ ಪರೀಕ್ಷೆಯ ಸಿಲಬಸ್ ನೆನಪಾಯಿತು. ಓದು ಬಿಟ್ಟವರು ಇಂಥ ಪಟ್ಟಿಯಿಂದ ವಾಪಸ್ ಬರುತ್ತಾರೆ ಅಂತ ನನಗೆ ಅನ್ನಿಸುವುದಿಲ್ಲ. ಅವರನ್ನು ಎಳೆದು ತರುವ ತಾಕತ್ತು ಇರುವುದು ಕಳ್ಳರಿಗೆ, ಕೊಲೆಗಾರರಿಗೆ, ಜೇಬಲ್ಲಿ ಕಾಸಿಲ್ಲದ ಪತ್ತೇದಾರರಿಗೆ. ಅದರಲ್ಲೂ ನಗಿಸುವವರಿಗೆ. ಇದನ್ನು ಯಾರೂ ಹೇಳಲಿಲ್ಲವಲ್ಲ ಅಂತ ಈ ಪತ್ರ.

ನಾನು ತಾಲ್ಲೂಕು ಕೋರ್ಟಿನಲ್ಲಿ ವಕೀಲಿ ಮಾಡುವವಳು. ಬೆಳಗ್ಗೆಯಿಂದ ಸಂಜೆವರೆಗೆ ಓದುವುದೇ ಕೆಲಸ. ಪಹಣಿ, ಮಹಜರು, ಚಾರ್ಜ್‌ಶೀಟು, ಮೇಲಿನ ಕೋರ್ಟಿನ ತೀರ್ಪು, ತೀರ್ಪಿನೊಳಗೆ ಇನ್ನೊಂದು ತೀರ್ಪು. ಕಾಲೇಜಿನಲ್ಲಿದ್ದಾಗ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೆ. ವೃತ್ತಿಗೆ ಬಂದ ಮೇಲೆ ಕಾದಂಬರಿ ಹಿಡಿದರೂ ಇನ್ನೊಂದು ಕೈಗೆ ಪೆನ್ಸಿಲ್ ಬರುತ್ತಿತ್ತು. ಒಂದು ಪ್ಯಾರಾ ಮುಗಿಯುವಷ್ಟರಲ್ಲಿ ಇದರಲ್ಲಿ ಪಾಯಿಂಟ್ ಏನು ಅಂತ ಮನಸ್ಸು ಹುಡುಕುತ್ತಿತ್ತು. ಹಾಗೆ ಹುಡುಕುತ್ತಾ ಓದಿದರೆ ಎಂಥ ಒಳ್ಳೆಯ ಕಾದಂಬರಿಯೂ ಕೇಸ್ ಕಟ್ಟಿನ ಥರ ಆಗಿಬಿಡುತ್ತದೆ. ನನ್ನ ವೃತ್ತಿಯವರಿಗೆ ಮಾತ್ರ ಅಲ್ಲ, ಮೇಷ್ಟ್ರುಗಳಿಗೆ, ಬ್ಯಾಂಕಿನವರಿಗೆ, ದಿನವಿಡೀ ಮೇಲ್ ಓದುವ ಸಾಫ್ಟ್‌ವೇರ್ ಮಕ್ಕಳಿಗೆ, ಎಲ್ಲರಿಗೂ ಇದೇ ಪಾಡು. ಇವರು ಯಾರೂ ಓದದವರಲ್ಲ. ಓದಿ ಓದಿ ಸುಸ್ತಾದವರು. ಅಂಥವರ ಕೈಗೆ ಇನ್ನೊಂದು ಭಾರದ ಪುಸ್ತಕ ಕೊಟ್ಟು ಓದಿ, ಉದ್ಧಾರ ಆಗಿ ಅಂದರೆ ಹೇಗೆ?

ಒಂದು ಕೇಸಿನ ಕೆಲಸಕ್ಕೆ ಬೆಂಗಳೂರಿಗೆ ಹೋದಾಗ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದ ಅಂಗಡಿಯಲ್ಲಿ ನನಗೆ ಡೊನಾಲ್ಡ್ ವೆಸ್ಟ್‌ಲೇಕ್ ಸಿಕ್ಕಿದರು. ಅಮೆರಿಕದವರು, 1933ರಲ್ಲಿ ಹುಟ್ಟಿ 2008ರಲ್ಲಿ ತೀರಿಕೊಂಡವರು, ಬೇರೆ ಬೇರೆ ಹೆಸರಿನಲ್ಲಿ ನೂರಕ್ಕೂ ಹೆಚ್ಚು ಪುಸ್ತಕ ಬರೆದವರು. ನನಗೆ ಸಿಕ್ಕಿದ್ದು 1970ರ ‘ದಿ ಹಾಟ್ ರಾಕ್’. ಡಾರ್ಟ್‌ಮಂಡರ್ ಅಂತ ಒಬ್ಬ ಕಳ್ಳ. ಪ್ಲಾನ್ ಮಾಡುವುದರಲ್ಲಿ ಎತ್ತಿದ ಕೈ. ಅದೃಷ್ಟ ಮಾತ್ರ ಸೊನ್ನೆ. ಜೈಲಿಂದ ಆಗಷ್ಟೇ ಹೊರಗೆ ಬಂದಿದ್ದಾನೆ, ಅಷ್ಟರಲ್ಲಿ ಗೆಳೆಯ ಕೆಲ್ಪ್ ಒಂದು ಪಚ್ಚೆಯ ಕಲ್ಲು ಕದಿಯುವ ಕೆಲಸ ಹಿಡಿದುಕೊಂಡು ಬರುತ್ತಾನೆ. ಎರಡು ಆಫ್ರಿಕನ್ ದೇಶಗಳು ನನ್ನದು ತನ್ನದು ಅಂತ ಜಗಳವಾಡುತ್ತಿರುವ ಕಲ್ಲು ಅದು. ನ್ಯೂಯಾರ್ಕಿನಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದಾರೆ. ಕದಿಯುತ್ತಾರೆ. ಆದರೆ ಗುಂಪಿನ ಒಬ್ಬ ಸಿಕ್ಕಿಬೀಳುವಾಗ ಕಲ್ಲನ್ನು ನುಂಗಿಬಿಡುತ್ತಾನೆ. ಸರಿ, ಅವನನ್ನು ಜೈಲಿನಿಂದ ಬಿಡಿಸಬೇಕು. ಬಿಡಿಸಿದರೆ ಕಲ್ಲು ಅವನ ಹತ್ತಿರ ಇಲ್ಲ, ಪೊಲೀಸ್ ಠಾಣೆಯಲ್ಲಿ ಬಚ್ಚಿಟ್ಟು ಬಂದಿದ್ದಾನೆ. ಅಲ್ಲಿಗೆ ನುಗ್ಗಿದರೆ ಅಲ್ಲೂ ಇಲ್ಲ. ಹೀಗೆ ಒಂದೇ ಕಲ್ಲನ್ನು ಮತ್ತೆ ಮತ್ತೆ ಕದಿಯಬೇಕು. ಒಂದು ಹಂತದಲ್ಲಿ ಇವರು ರೈಲು ಎಂಜಿನ್ ಹತ್ತಿಕೊಂಡು ಮಾನಸಿಕ ಆಸ್ಪತ್ರೆಯೊಳಗೆ ನುಗ್ಗುತ್ತಾರೆ. ಮಧ್ಯೆ ಒಬ್ಬ ವಕೀಲನೂ ಬರುತ್ತಾನೆ. ವೃತ್ತಿ ಬಾಂಧವ ಆದ್ದರಿಂದ ಅವನ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ.

ಊರಿಗೆ ವಾಪಸ್ ಬರುವ ಬಸ್ಸಿನಲ್ಲಿ ಶುರು ಮಾಡಿದೆ. ಪೆನ್ಸಿಲ್ ಬ್ಯಾಗಿನಲ್ಲೇ ಉಳಿಯಿತು. ಪಕ್ಕದ ಸೀಟಿನ ಅಜ್ಜಿ ಯಾಕಮ್ಮಾ ಒಬ್ಬಳೇ ನಗ್ತಿದ್ದೀಯಾ ಅಂದರು.

ಈ ಪುಸ್ತಕ ಹುಟ್ಟಿದ ಕತೆಯೂ ಚೆನ್ನಾಗಿದೆ. ವೆಸ್ಟ್‌ಲೇಕ್ ಅದಾಗಲೇ ರಿಚರ್ಡ್ ಸ್ಟಾರ್ಕ್ ಎಂಬ ಹೆಸರಿನಲ್ಲಿ ಪಾರ್ಕರ್ ಅಂತ ಇನ್ನೊಬ್ಬ ಕಳ್ಳನ ಕತೆ ಬರೆಯುತ್ತಿದ್ದರು. 1962ರಲ್ಲಿ ಶುರುವಾದ ಸರಣಿ. ಪಾರ್ಕರ್ ನಗುವುದಿಲ್ಲ, ಮಾತು ಕಡಿಮೆ, ದಯೆ ಇಲ್ಲ. ಒಂದೇ ವಸ್ತುವನ್ನು ಮತ್ತೆ ಮತ್ತೆ ಕದಿಯಬೇಕಾಗುವ ಈ ಕತೆಯನ್ನು ಮೊದಲು ಪಾರ್ಕರ್‌ಗೇ ಅಂತ ಯೋಚಿಸಿದ್ದರಂತೆ. ಬರೆಯಲು ಹೋದರೆ ತಮಾಷೆಯಾಗಿಬಿಡುತ್ತಿದೆ. ಪಾರ್ಕರ್ ಇಂಥದ್ದನ್ನೆಲ್ಲ ಸಹಿಸುವ ಗಿರಾಕಿ ಅಲ್ಲ. ಹಾಗಾಗಿ ಸಹಿಸಿಕೊಳ್ಳುವ ಇನ್ನೊಬ್ಬನನ್ನು ಹುಟ್ಟಿಸಿದರು. ಆಮೇಲೆ ಇನ್ನೂ ಒಂದು ಕಿತಾಪತಿ ಮಾಡಿದರು. 1974ರ ‘ಜಿಮ್ಮಿ ದಿ ಕಿಡ್’ ಕಾದಂಬರಿಯಲ್ಲಿ ಡಾರ್ಟ್‌ಮಂಡರನ ಗುಂಪು ಒಬ್ಬ ಹುಡುಗನನ್ನು ಅಪಹರಿಸಲು ಹೊರಡುತ್ತದೆ. ಹೇಗೆ ಮಾಡಬೇಕು ಅಂತ ಕಲಿಯುವುದು ರಿಚರ್ಡ್ ಸ್ಟಾರ್ಕ್ ಬರೆದ ಪಾರ್ಕರ್ ಕಾದಂಬರಿ ಓದಿಕೊಂಡು! ಪುಸ್ತಕದಲ್ಲಿ ಎಲ್ಲ ಸಲೀಸು, ಇವರ ಕೈಯಲ್ಲಿ ಎಲ್ಲ ಎಡವಟ್ಟು. 1972ರ ‘ಬ್ಯಾಂಕ್ ಶಾಟ್’ನಲ್ಲಿ ಇವರು ಬ್ಯಾಂಕ್ ಲೂಟಿ ಮಾಡುವುದಿಲ್ಲ, ಬ್ಯಾಂಕನ್ನೇ ಕದಿಯುತ್ತಾರೆ. ಹೊಸ ಕಟ್ಟಡ ಏಳುವವರೆಗೆ ಬ್ಯಾಂಕು ಚಕ್ರದ ಮೇಲಿನ ಟ್ರೇಲರ್ ಮನೆಯಲ್ಲಿರುತ್ತದೆ, ಎಳೆದುಕೊಂಡು ಹೋಗಿಬಿಡುತ್ತಾರೆ. ಎಳೆದುಕೊಂಡು ಹೋದ ಬ್ಯಾಂಕನ್ನು ಎಲ್ಲಿ ಬಚ್ಚಿಡುವುದು ಎಂಬುದು ಆಮೇಲಿನ ತಲೆನೋವು.

ಡಾರ್ಟ್‌ಮಂಡರ್ ಸರಣಿಯಲ್ಲಿ ಒಟ್ಟು 14 ಕಾದಂಬರಿ ಇವೆ. ಕೆಲ್ಪ್ ಯಾವಾಗಲೂ ಡಾಕ್ಟರುಗಳ ಕಾರನ್ನೇ ಕದಿಯುತ್ತಾನೆ. ಡಾಕ್ಟರಿಗೆ ಮೈ ಸುಖ ಗೊತ್ತು, ಒಳ್ಳೆಯ ಕಾರೇ ಇಟ್ಟಿರುತ್ತಾರೆ ಎಂಬುದು ಅವನ ತರ್ಕ. ಡ್ರೈವರ್ ಮರ್ಚ್ ಎಲ್ಲಿಗೆ ಬಂದರೂ ಮೊದಲು ಯಾವ ರಸ್ತೆ ಹಿಡಿದೆ, ಎಲ್ಲಿ ಟ್ರಾಫಿಕ್ ಇತ್ತು, ಎಲ್ಲಿ ತಿರುಗಿದೆ ಅಂತಲೇ ಶುರು ಮಾಡುತ್ತಾನೆ. ನಮ್ಮ ಪೈಕಿ ಮದುವೆ ಮನೆಗೆ ತಡವಾಗಿ ಬರುವ ಎಲ್ಲ ಮಾವಂದಿರೂ ಹೀಗೇ ಅಲ್ವಾ?

ನನಗೆ ಇದು ಇಷ್ಟವಾಗಲು ವೃತ್ತಿಯದ್ದೂ ಒಂದು ಕಾರಣ ಇದೆ. ಬಂಗಲೆಯಲ್ಲಿ ಕೊಲೆ, ಹನ್ನೆರಡು ಜನ ಅತಿಥಿಗಳು, ಗಡಿಯಾರದ ಲೆಕ್ಕ, ಕೊನೆಗೆ ಎಲ್ಲರನ್ನೂ ಹಾಲಿನಲ್ಲಿ ಕೂರಿಸಿ ವಿವರಣೆ, ಇಂಥ ಕತೆಗಳನ್ನು ನಾನು ಓದಬಲ್ಲೆ, ನಂಬಲಾರೆ. ಕ್ರಿಮಿನಲ್ ಕೇಸು ನಡೆಸಿದವರನ್ನು ಕೇಳಿ ನೋಡಿ. ಬುದ್ಧಿವಂತ ಅಪರಾಧಿ ಸಿಗುವುದು ಅಪರೂಪ. ಕದ್ದ ಬೈಕನ್ನು ಅದರ ಮಾಲೀಕನ ಬೀದಿಯಲ್ಲೇ ಮಾರಲು ಹೋಗುವವರು, ಕಳ್ಳತನಕ್ಕೆ ಹೋದ ಮನೆಯಲ್ಲಿ ಸ್ವಂತ ಮೊಬೈಲ್ ಬಿಟ್ಟು ಬರುವವರು, ಪಾಲಿನ ಜಗಳದಲ್ಲಿ ತಾವೇ ಠಾಣೆ ಹತ್ತುವವರು, ಇವರೇ ಜಾಸ್ತಿ. ಸಾಕ್ಷಿಗಳೂ ಅಷ್ಟೇ. ಮುಖ್ಯ ವಿಚಾರಣೆಯಲ್ಲಿ ಕಣ್ಣಾರೆ ಕಂಡೆ ಅಂದವರು ಪಾಟೀಸವಾಲಿನಲ್ಲಿ ಆ ದಿನ ನಾನು ಊರಲ್ಲೇ ಇರಲಿಲ್ಲ ಸಾರ್ ಅನ್ನುತ್ತಾರೆ. ಹೀಗಿರುವ ಲೋಕವನ್ನು ಇದ್ದ ಹಾಗೆ ಹೇಳಿದರೆ ಅದು ಹಾಸ್ಯವೇ ಆಗುತ್ತದೆ. ವೆಸ್ಟ್‌ಲೇಕ್ ಅದನ್ನು ಹಿಡಿದಿದ್ದಾರೆ.

ಅಲ್ಲಿಂದ ಹಿಂದಕ್ಕೆ ಹೋದೆ, ಇದೆಲ್ಲ ಎಲ್ಲಿ ಶುರುವಾಯಿತು ಅಂತ. ಅಮೆರಿಕದಲ್ಲಿ 1920ರಲ್ಲಿ ‘ಬ್ಲ್ಯಾಕ್ ಮಾಸ್ಕ್’ ಅಂತ ಒಂದು ಅಗ್ಗದ ಪತ್ರಿಕೆ ಹೊರಟಿತು. ಹಾರ್ಡ್‌ಬಾಯಿಲ್ಡ್ ಅಂತ ಕರೆಯುವ ಒರಟು ಪತ್ತೇದಾರಿ ಕತೆಗಳು ಬೆಳೆದದ್ದು ಅದರ ಪುಟಗಳಲ್ಲಿ. ಬೀದಿ, ಬಾರು, ಲಂಚಕೋರ ಪೊಲೀಸು, ಕೂಲಿಗೆ ಕೆಲಸ ಮಾಡುವ ಪತ್ತೇದಾರ. ಈ ಸಾಲಿನ ದೊಡ್ಡ ಹೆಸರು ಡ್ಯಾಶಿಯಲ್ ಹ್ಯಾಮೆಟ್. ಇವರು ಪಿಂಕರ್ಟನ್ ಪತ್ತೇದಾರಿ ಸಂಸ್ಥೆಯಲ್ಲಿ ನಿಜವಾಗಿಯೂ ಕೆಲಸ ಮಾಡಿದ್ದವರು. ಯಾರನ್ನೋ ಹಿಂಬಾಲಿಸಿ, ನೋಡಿದ್ದನ್ನು ಆಫೀಸಿಗೆ ಬರೆದು ಕೊಡುವ ಕೆಲಸ. ಅವರ ಗದ್ಯ ಓದಿದಾಗ ನನಗೆ ನೆನಪಾದದ್ದು ನಮ್ಮ ಮಹಜರು. ಉತ್ತರಕ್ಕೆ ರಸ್ತೆ, ದಕ್ಷಿಣಕ್ಕೆ ಗೋಡೆ, ಬಾಗಿಲು ಅರ್ಧ ತೆರೆದಿದೆ, ನೆಲದ ಮೇಲೆ ಒಂದು ಚಪ್ಪಲಿ. ವಿಶೇಷಣ ಇಲ್ಲ, ಅಳು ಇಲ್ಲ. ಹಾಗಂತ ನಗು ಇಲ್ಲ ಅಂದುಕೊಳ್ಳಬೇಡಿ. 1934ರ ‘ದಿ ಥಿನ್ ಮ್ಯಾನ್’ನಲ್ಲಿ ಒಬ್ಬ ಮಾಜಿ ಪತ್ತೇದಾರ, ಅವನ ಶ್ರೀಮಂತ ಹೆಂಡತಿ, ಒಂದು ನಾಯಿ. ಗಂಡ ಹೆಂಡತಿ ಕುಡಿಯುತ್ತಾ, ಒಬ್ಬರ ಕಾಲು ಒಬ್ಬರು ಎಳೆಯುತ್ತಾ ಕೊಲೆಯ ಪತ್ತೆ ಮಾಡುತ್ತಾರೆ. ಇನ್ನೊಂದು ವಿಷಯ, ಇದು ವಕೀಲರ ಕಿವಿಗೆ. 1951ರಲ್ಲಿ ಹ್ಯಾಮೆಟ್ ಕೋರ್ಟಿನಲ್ಲಿ ಬಾಯಿ ಬಿಡಲು ಒಪ್ಪಲಿಲ್ಲ. ಒಂದು ಜಾಮೀನು ನಿಧಿಗೆ ಹಣ ಕೊಟ್ಟವರ ಹೆಸರು ಕೇಳಿದ್ದರು. ಹೇಳಲಿಲ್ಲ. ನ್ಯಾಯಾಂಗ ನಿಂದನೆ ಅಂತ ಆರು ತಿಂಗಳ ಶಿಕ್ಷೆ ಆಯಿತು, ಜೈಲಿಗೂ ಹೋದರು. ಅವರ ಕತೆಗಳಲ್ಲಿನ ಮೊಂಡು ಪತ್ತೇದಾರರೂ ಹೀಗೇ.

ರೇಮಂಡ್ ಚಾಂಡ್ಲರ್ ಕತೆ ಬೇರೆ. ತೈಲ ಕಂಪನಿಯಲ್ಲಿ ದೊಡ್ಡ ಹುದ್ದೆ. ಕುಡಿತ, ಗೈರುಹಾಜರಿ ಅಂತ 1932ರಲ್ಲಿ ಕೆಲಸದಿಂದ ತೆಗೆದರು. ನಲವತ್ತು ದಾಟಿದ ಮೇಲೆ ಅಗ್ಗದ ಪತ್ರಿಕೆಗಳ ಕತೆ ಓದಿ ಓದಿ ಬರೆಯಲು ಕಲಿತು, 1933ರಲ್ಲಿ ‘ಬ್ಲ್ಯಾಕ್ ಮಾಸ್ಕ್’ಗೆ ಮೊದಲ ಕತೆ ಕೊಟ್ಟರು. ಮೊದಲ ಕಾದಂಬರಿ ‘ದಿ ಬಿಗ್ ಸ್ಲೀಪ್’ ಬಂದದ್ದು 1939ರಲ್ಲಿ, ಆಗ ಅವರಿಗೆ 50 ವರ್ಷ. ಹಳೆಯ ಸಣ್ಣ ಕತೆಗಳನ್ನು ಕತ್ತರಿಸಿ ಜೋಡಿಸಿ ಮಾಡಿದ ಕಾದಂಬರಿ ಅದು. ಹೊಲಿಗೆ ಅಲ್ಲಲ್ಲಿ ಬಿಟ್ಟಿದೆ. ಅದನ್ನು ಸಿನಿಮಾ ಮಾಡುವಾಗ ಕತೆಯಲ್ಲಿ ಸಾಯುವ ಕಾರಿನ ಡ್ರೈವರನ್ನು ಕೊಂದವರು ಯಾರು ಅಂತ ಕೇಳಿ ಕಳಿಸಿದರೆ, ಚಾಂಡ್ಲರ್ ನನಗೂ ಗೊತ್ತಿಲ್ಲ ಅಂದರಂತೆ. ನಮ್ಮಲ್ಲಿ ತನಿಖಾಧಿಕಾರಿ ಹಾಗಂದರೆ ಆರೋಪಿಗೆ ಆವತ್ತೇ ಬಿಡುಗಡೆ. ಇಲ್ಲಿ ಮಾತ್ರ ಓದುಗರಿಗೆ ಏನೂ ಅನ್ನಿಸುವುದಿಲ್ಲ. ಯಾಕೆಂದರೆ ನಾವು ಓದುತ್ತಿರುವುದು ಕೊಂದವರು ಯಾರು ಅಂತ ತಿಳಿಯಲು ಅಲ್ಲ. ಮಾರ್ಲೋ ಎಂಬ ಆ ಪತ್ತೇದಾರನ ಮಾತು ಕೇಳಲು. ಅವನು ಶ್ರೀಮಂತರ ಮನೆಯ ಕರ್ಟನ್ ನೋಡಿದರೂ ಒಂದು ಕುಹಕ ಆಡುತ್ತಾನೆ, ಮೂತಿಗೆ ಏಟು ಬಿದ್ದ ಮೇಲೂ ಇನ್ನೊಂದು ಆಡುತ್ತಾನೆ.

ಓದು ಬಿಟ್ಟವರಿಗೆ ಈ ಬಗೆಯ ಪುಸ್ತಕ ಯಾಕೆ ಹತ್ತಿರ ಅಂದರೆ, ಇಲ್ಲಿ ಒಬ್ಬ ಮನುಷ್ಯ ಪಕ್ಕದಲ್ಲಿ ಕೂತು ಮಾತಾಡುತ್ತಿರುತ್ತಾನೆ. ನಾಲ್ಕು ದಿನ ಬಿಟ್ಟು ಮತ್ತೆ ತೆಗೆದರೂ ಆ ದನಿ ಗುರುತು ಸಿಗುತ್ತದೆ. ಕತೆಯ ಎಳೆ ತಪ್ಪಿದರೂ ನಷ್ಟ ಇಲ್ಲ, ಹೇಗೂ ಬರೆದವರಿಗೇ ತಪ್ಪಿದೆ! ಎಲ್ಲ ಅರ್ಥ ಆಗಬೇಕು, ಎಲ್ಲ ನೆನಪಿರಬೇಕು ಎಂಬ ಒತ್ತಡ ಹೋದರೆ ಅರ್ಧ ಓದು ಬಂದ ಹಾಗೆ. ಇನ್ನರ್ಧ ನಗು. ರಾತ್ರಿ ಹತ್ತಕ್ಕೆ ಎರಡು ಪುಟ ಓದಿ ಮಲಗೋಣ ಅಂದುಕೊಂಡವಳು ಹನ್ನೊಂದೂವರೆಗೆ ದೀಪ ಆರಿಸುವುದು ಪಾತ್ರದ ಆತ್ಮಶೋಧನೆಗೋಸ್ಕರ ಅಂತೂ ಅಲ್ಲ.

ತಕರಾರು ಇಲ್ಲ ಅಂತಲ್ಲ. ಹಳೆಯ ಒರಟು ಕತೆಗಳಲ್ಲಿ ಹೆಂಗಸರು ಒಂದೋ ವಂಚಕಿಯರು, ಇಲ್ಲವೇ ಹೆಣಗಳು. ಬಣ್ಣದವರ ಬಗ್ಗೆ, ಸಲಿಂಗಿಗಳ ಬಗ್ಗೆ ಚಾಂಡ್ಲರ್ ಬರೆದ ಕೆಲವು ಸಾಲು ಈಗ ಓದಿದರೆ ಮೈ ಉರಿಯುತ್ತದೆ. ಆ ಸಾಲಿಗೆ ಉತ್ತರ ಕೊಟ್ಟ ಹೆಂಗಸರೂ ಇದೇ ಮನೆಯಲ್ಲಿದ್ದಾರೆ. ಸಾರಾ ಪ್ಯಾರೆಟ್ಸ್ಕಿ 1982ರಲ್ಲಿ ವಿ.ಐ. ವರ್ಷಾವ್‌ಸ್ಕಿ ಎಂಬ ಪತ್ತೇದಾರಿಣಿಯನ್ನು ಶಿಕಾಗೋದಲ್ಲಿ ಇಳಿಸಿದರು. ಇವಳು ಮೊದಲು ಬಡ ಆರೋಪಿಗಳ ಪರ ಸರ್ಕಾರದ ಸಂಬಳದಲ್ಲಿ ವಾದಿಸುತ್ತಿದ್ದ ವಕೀಲೆ. ನನಗೆ ಇವಳ ಮೇಲೆ ಸ್ವಲ್ಪ ಜಾಸ್ತಿಯೇ ಮಮಕಾರ. ಅದೇ ವರ್ಷ ಸ್ಯೂ ಗ್ರಾಫ್ಟನ್ ಇಂಗ್ಲಿಷ್ ಅಕ್ಷರಮಾಲೆ ಹಿಡಿದು ‘ಎ’ಯಿಂದ ಕಾದಂಬರಿ ಶುರು ಮಾಡಿದರು, 2017ರಲ್ಲಿ ‘ವೈ’ವರೆಗೆ ಬಂದು ತೀರಿಕೊಂಡರು, ‘ಝಡ್’ ಉಳಿದೇ ಹೋಯಿತು. ನಗುವೇ ಬೇಕಾದರೆ ಜಾನೆಟ್ ಇವಾನೊವಿಚ್. ಅವರ ಸ್ಟೆಫನಿ ಪ್ಲಮ್ ಒಳಉಡುಪಿನ ವ್ಯಾಪಾರದ ಕೆಲಸ ಹೋದ ಮೇಲೆ ಜಾಮೀನು ತಪ್ಪಿಸಿಕೊಂಡು ಓಡಿದವರನ್ನು ಹಿಡಿದು ತರುವ ಕೆಲಸಕ್ಕೆ ಸೇರುತ್ತಾಳೆ. ಅಮೆರಿಕದಲ್ಲಿ ದುಡ್ಡು ತಗೊಂಡು ಜಾಮೀನು ನಿಲ್ಲುವುದು ಒಂದು ರಾಜಾರೋಷದ ವ್ಯಾಪಾರ. ಇಲ್ಲಿ ಪಹಣಿ ಹಿಡಿದುಕೊಂಡು ಕೋರ್ಟಿನ ಮರದ ಕೆಳಗೆ ನಿಲ್ಲುವ ಜಾಮೀನುದಾರರನ್ನು ದಿನಾ ನೋಡುವ ನನಗೆ, ನಮ್ಮಲ್ಲೂ ಇಂಥ ಒಂದು ಸರಣಿ ಯಾಕಿಲ್ಲ ಅನ್ನಿಸಿತು.

ಲಾರೆನ್ಸ್ ಬ್ಲಾಕ್ ಬರೆದ ಬರ್ನಿ ಎಂಬ ಕಳ್ಳನ ಬಗ್ಗೆ ಎರಡೇ ಮಾತು. ಹಗಲು ನ್ಯೂಯಾರ್ಕಿನಲ್ಲಿ ಹಳೇ ಪುಸ್ತಕದಂಗಡಿ, ರಾತ್ರಿ ಮನೆಗಳ್ಳತನ. ಕದಿಯಲು ಹೋದಲ್ಲೆಲ್ಲ ಹೆಣ ಸಿಗುತ್ತದೆ, ತನ್ನ ತಲೆ ಉಳಿಸಿಕೊಳ್ಳಲು ಕೊಲೆಗಾರನನ್ನು ತಾನೇ ಹುಡುಕಬೇಕು. ಪುಸ್ತಕದಂಗಡಿಯಿಂದ ಹೊಟ್ಟೆ ತುಂಬುವುದಿಲ್ಲ ಎಂಬುದು ಅಲ್ಲೂ ಸತ್ಯ ಅಂತಾಯಿತು.

ಈಗ ನಮ್ಮ ಮನೆಯ ವಿಷಯ. ಕನ್ನಡಕ್ಕೆ ಈ ರುಚಿ ಹೊಸದಲ್ಲ. ಎನ್. ನರಸಿಂಹಯ್ಯನವರು ಶಾಲೆಗೆ ಹೋದದ್ದು ನಾಲ್ಕನೇ ತರಗತಿವರೆಗೆ, ಬರೆದದ್ದು ಐನೂರರಷ್ಟು ಪತ್ತೇದಾರಿ ಕಾದಂಬರಿ. ‘ಪತ್ತೇದಾರ ಪುರುಷೋತ್ತಮ’ನನ್ನು ಬಾಡಿಗೆ ಲೈಬ್ರರಿಯಿಂದ ತಂದು, ಮೇಷ್ಟ್ರಿಗೆ ಗೊತ್ತಾಗದ ಹಾಗೆ ಪಠ್ಯಪುಸ್ತಕದೊಳಗೆ ಇಟ್ಟುಕೊಂಡು ಓದಿದ ಒಂದು ತಲೆಮಾರೇ ಇದೆ. ಅವರಲ್ಲಿ ಎಷ್ಟೋ ಜನ ಆಮೇಲೆ ಕುವೆಂಪು, ಕಾರಂತರನ್ನು ಓದಿದರು. ಏಣಿಯ ಮೊದಲ ಮೆಟ್ಟಿಲು ಯಾವುದಿತ್ತು ಅಂತ ಮಾತ್ರ ಹೇಳಿಕೊಳ್ಳಲು ನಾಚಿಕೆ. ನಾವು ನವೆಂಬರ್ 1ಕ್ಕೆ ಹಾರಿಸುವ ಹಳದಿ ಕೆಂಪು ಬಾವುಟ ರೂಪಿಸಿದ ಮ. ರಾಮಮೂರ್ತಿಯವರು ಕೂಡ ಪತ್ತೇದಾರಿ ಕಾದಂಬರಿಕಾರರು. ಇದನ್ನು ರಾಜ್ಯೋತ್ಸವದ ಭಾಷಣದಲ್ಲಿ ಎಷ್ಟು ಸಲ ಕೇಳಿದ್ದೀರಿ? ಟಿ.ಕೆ. ರಾಮರಾಯರ ಹೆಸರು ಹೇಳಿದರೆ ಎಲ್ಲರಿಗೂ ‘ಬಂಗಾರದ ಮನುಷ್ಯ’ ನೆನಪಾಗುತ್ತದೆ, ಅವರ ಪತ್ತೇದಾರಿ ಕಾದಂಬರಿಗಳು ಯಾರಿಗೂ ಬೇಡ.

ಹಾಸ್ಯಕ್ಕಂತೂ ನಮ್ಮಲ್ಲಿ ಬರ ಇರಲೇ ಇಲ್ಲ. ರಾಶಿಯವರು 1942ರಲ್ಲಿ ಶುರು ಮಾಡಿದ ಹಾಸ್ಯ ಪತ್ರಿಕೆ ‘ಕೊರವಂಜಿ’ ಇತ್ತು, ಬೀಚಿ ಇದ್ದರು. ಒಂದು ಕಡೆ ನಗು, ಇನ್ನೊಂದು ಕಡೆ ಪತ್ತೇದಾರಿ. ಎರಡಕ್ಕೂ ಮದುವೆ ಆಗಿದ್ದು ತೀರಾ ಕಡಿಮೆ. ಆದದ್ದರಲ್ಲಿ ಭರ್ಜರಿ ಅಂದರೆ ತೇಜಸ್ವಿಯವರದ್ದು. ‘ಚಿದಂಬರ ರಹಸ್ಯ’ವನ್ನು ಒಮ್ಮೆ ಪತ್ತೇದಾರಿ ಕಾದಂಬರಿ ಅಂತಲೇ ಓದಿ ನೋಡಿ. ಕೆಸರೂರು ಎಂಬ ಊರು, ಏಲಕ್ಕಿ ಇಳುವರಿ ಬಿದ್ದದ್ದು ಯಾಕೆ ಎಂಬ ಪ್ರಶ್ನೆ, ಜೋಗಿಹಾಳ್ ಎಂಬ ವಿಜ್ಞಾನಿಯ ಸಾವು, ತನಿಖೆಗೆ ಬರುವ ಅಂಗಡಿ ಎಂಬ ಅಧಿಕಾರಿ. ಊರಲ್ಲಿ ಯಾರನ್ನು ಕೇಳಿದರೂ ಒಂದೊಂದು ಪುರಾಣ. ಓದುತ್ತಾ ನಗುತ್ತೀರಿ, ನಗುತ್ತಾ ನಗುತ್ತಾ ಹೆದರುತ್ತೀರಿ. ಆ ಪುಸ್ತಕಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ಆಮೇಲೆ ನಾವು ಅದನ್ನು ಸಂಕಿರಣಗಳಿಗೆ ಕೊಟ್ಟುಬಿಟ್ಟೆವು. ಅವರದ್ದೇ ‘ಜುಗಾರಿ ಕ್ರಾಸ್’ ಇನ್ನೂ ವೇಗ. ಓದೋದೇ ಬಿಟ್ಟುಬಿಟ್ಟಿದ್ದೀನಿ ಅನ್ನುವ ಗೆಳತಿಯರಿಗೆ ನಾನು ಕೊಡುವುದು ಅದನ್ನೇ. ಕೊಟ್ಟದ್ದು ವಾಪಸ್ ಬರುವುದಿಲ್ಲ, ಅದೊಂದೇ ಕಷ್ಟ.

ಹಾಗಾಗಿ ನನ್ನ ಬೇಡಿಕೆ ಇಷ್ಟು. ನಿಮ್ಮ ಪುರವಣಿಯಲ್ಲಿ ವಾರ ವಾರ ವಿಮರ್ಶೆ ಬರುತ್ತದೆ, ಕವಿತೆ ಬರುತ್ತದೆ, ಪ್ರಬಂಧ ಬರುತ್ತದೆ. ಒಂದು ಪತ್ತೇದಾರಿ ಧಾರಾವಾಹಿಗೆ ಅರ್ಧ ಪುಟ ಕೊಡಿ. ಬೆಂಗಳೂರಿನ ಫ್ಲಾಟ್ ಬೇಡ, ಹೊರನಾಡಿನ ಬಂಗಲೆ ಬೇಡ. ತಾಲ್ಲೂಕು ಕಚೇರಿ, ಎಪಿಎಂಸಿ ಯಾರ್ಡು, ಸಬ್‌ರಿಜಿಸ್ಟ್ರಾರ್ ಆಫೀಸಿನ ಎದುರಿನ ಜೆರಾಕ್ಸ್ ಅಂಗಡಿ, ಇಲ್ಲೆಲ್ಲ ಎಷ್ಟು ಕತೆ ಬಿದ್ದಿವೆ ಗೊತ್ತಾ! ಹೊಸಬರಿಗೆ ಒಂದು ಸ್ಪರ್ಧೆ ಇಡಿ, ಷರತ್ತು ಒಂದೇ, ಒಂದು ಅಪರಾಧ ಇರಬೇಕು, ಓದುಗರು ಕನಿಷ್ಠ ಎರಡು ಸಲ ನಗಬೇಕು. ದೀಪಾವಳಿ ವಿಶೇಷಾಂಕಕ್ಕೆ ಹ್ಯಾಮೆಟ್, ವೆಸ್ಟ್‌ಲೇಕ್ ಅವರ ಸಣ್ಣ ಕತೆಗಳನ್ನು ಒಳ್ಳೆಯ ಅನುವಾದಕರಿಂದ ಕನ್ನಡಕ್ಕೆ ತರಿಸಿ. ಅನುವಾದ ಮಾಡುವವರಿಗೆ ಒಂದು ವಿನಂತಿ, ಬೀದಿಯ ಮಾತನ್ನು ಬೀದಿಯ ಮಾತಲ್ಲೇ ಬರೆಯಿರಿ. ಕಳ್ಳ ಪೊಲೀಸಿನ ಎದುರು ಗ್ರಂಥದ ಕನ್ನಡ ಮಾತಾಡಿದರೆ ಅಲ್ಲಿಗೇ ಪುಸ್ತಕ ಮುಚ್ಚಿಬಿಡುತ್ತೇವೆ.

ಇನ್ನೊಂದು ಮಾತು ಗ್ರಂಥಾಲಯಗಳ ಬಗ್ಗೆ. 1965ರ ಕಾಯ್ದೆಯ ಪ್ರಕಾರ ನಾವು ಆಸ್ತಿ ತೆರಿಗೆ ಕಟ್ಟುವಾಗ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ ಕಟ್ಟುತ್ತೇವೆ. ಆದರೆ ನಾನು ಹೋಗುವ ಗ್ರಂಥಾಲಯದಲ್ಲಿ ಕುರ್ಚಿ ತುಂಬ ಸ್ಪರ್ಧಾತ್ಮಕ ಪರೀಕ್ಷೆಯ ಮಕ್ಕಳು. ಪಾಪ, ಅವರು ಓದಲಿ, ಕೆಲಸ ಸಿಗಲಿ. ಆದರೆ ಪರೀಕ್ಷೆ ಇಲ್ಲದವರು ಏನು ಓದಬೇಕು? ಕಪಾಟಿನಲ್ಲಿ ಪತ್ತೇದಾರಿ ಪುಸ್ತಕ ಕೇಳಿದರೆ ಅಲ್ಲಿನವರು ಅಂಥದ್ದೆಲ್ಲ ಇಡಲ್ಲ ಮೇಡಂ ಅನ್ನುತ್ತಾರೆ, ನಾನೇನೋ ಮಾಡಬಾರದ್ದು ಕೇಳಿದ ಹಾಗೆ. ಇಲಾಖೆಯ ಸಗಟು ಖರೀದಿ ಪಟ್ಟಿ ತಯಾರಿಸುವವರು ದಯವಿಟ್ಟು ಇದನ್ನು ಗಮನಿಸಲಿ. ನರಸಿಂಹಯ್ಯನವರ ಒಂದು ಹರಿದ ಪ್ರತಿಯಾದರೂ ಪ್ರತಿ ತಾಲ್ಲೂಕಿನಲ್ಲಿ ಇರಲಿ. ಹರಿದಿದ್ದರೆ ಜನ ಓದಿದ್ದಾರೆ ಅಂತ ತಾನೇ.

ಪತ್ರ ಉದ್ದವಾಯಿತು, ನಿಮ್ಮ ಅಂಕಣಕ್ಕೆ ಮಿತಿ ಇರುತ್ತದೆ, ಗೊತ್ತು. ಕತ್ತರಿಸಲೇಬೇಕಾದರೆ ಗ್ರಂಥಾಲಯ ಕರದ ಪ್ಯಾರಾ ಕತ್ತರಿಸಿ, ಅದನ್ನು ಇಲಾಖೆಗೇ ಬೇರೆ ಅರ್ಜಿ ಬರೆಯುತ್ತೇನೆ. ರೈಲು ಎಂಜಿನ್ ಇರುವ ಪ್ಯಾರಾ ಮಾತ್ರ ಮುಟ್ಟಬೇಡಿ.

ಇತಿ ನಿಮ್ಮ ಓದುಗಿ,
ತಾಲ್ಲೂಕು ಕೋರ್ಟಿನ ಒಬ್ಬ ವಕೀಲೆ, ಹಾಸನ ಜಿಲ್ಲೆ